ಹನ್ನೊಂದು ಟನ್ನಿನ ಸುಳ್ಳು

ಹೊರಗಿನಿಂದ ಬೋಲ್ಟ್ ಬಿತ್ತು.

ಆಮೇಲೆ ಏಸಿ ನಿಂತಿತು.

ಸರ್ವರ್ ರೂಮಿನಲ್ಲಿ ಏಸಿ ನಿಂತರೆ ಏನಾಗುತ್ತೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಕಿಟಕಿ ಇಲ್ಲ. ಗಾಳಿ ಆಡೋ ಸಂದಿ ಇಲ್ಲ. ಬೀರುವಿನಷ್ಟು ಎತ್ತರದ ಮೆಷಿನ್ನು ಪಕ್ಕದಲ್ಲೇ ನಿಂತು ಬಿಸಿ ಉಸಿರು ಬಿಡುತ್ತಾ ಇರುತ್ತೆ. ಅಂಗಿ ಬೆನ್ನಿಗೆ ಅಂಟಿಕೊಳ್ಳೋಕೆ ಹತ್ತು ನಿಮಿಷ ಸಾಕು.

ಬಾಗಿಲಿನ ಗಾಜಿನ ಆಚೆ ಗೂಳಿ ನಿಂತಿದ್ದ. ಈ ಕಂಟೇನರ್ ಯಾರ್ಡಿನ ಸೆಕ್ಯುರಿಟಿ ಮುಖ್ಯಸ್ಥ. ಅವನ ನಿಜವಾದ ಹೆಸರು ನಾನು ಕೇಳಲೇ ಇಲ್ಲ. ಆ ಕತ್ತು ನೋಡಿದ ಮೇಲೆ ಬೇರೆ ಹೆಸರು ಬಾಯಿಗೆ ಬರೋದೂ ಇಲ್ಲ. ಒಂದು ಕೈಯಲ್ಲಿ ನನ್ನ ಫೋನು. ಇನ್ನೊಂದರಲ್ಲಿ ಕಬ್ಬಿಣದ ಪೈಪು.

“ರಿಪೋರ್ಟಿಗೆ ಸೈನ್ ಹಾಕು. ಬಾಗಿಲ ಕೆಳಗಿಂದ ತಳ್ಳು. ಆಚೆ ಬಿಡ್ತೀನಿ.”

“ಅದರಲ್ಲಿ ಸಿಸ್ಟಮ್ ಸರಿಯಾಗಿದೆ ಅಂತ ಬರೆದಿದೆ.”

“ಸರಿಯಾಗಿಲ್ವಾ?”

“ಗೊತ್ತಿಲ್ಲ.”

“ಮೂರು ದಿನದಿಂದ ಅದೇ ಹೇಳ್ತಿದ್ದೀಯ.” ಅವನು ಪೈಪಿನಿಂದ ಗಾಜನ್ನು ಮೆಲ್ಲಗೆ ತಟ್ಟಿದ. “ಇನ್ನೊಂದು ವಿಷಯ. ಆ ಕ್ರೇನಿನ ಹೆಂಗಸು ನಿನ್ನ ತಂಗಿಯಂತೆ. ಮ್ಯಾನೇಜರ್ ಸಾಹೇಬ್ರಿಗೆ ಈಗ ಗೊತ್ತಾಯ್ತು. ಸೈನ್ ಹಾಕ್ಲಿಲ್ಲ ಅಂದ್ರೆ ನಾಲ್ಕು ಗಂಟೆವರೆಗೂ ಇಲ್ಲೇ ಬೇಯ್ತಾ ಇರು.”

ಗೋಡೆ ಗಡಿಯಾರ ಎರಡು ತೋರಿಸುತ್ತಿತ್ತು. ನಾಲ್ಕಕ್ಕೆ ವಿಚಾರಣೆ.

ಒಂದು ನಿಮಿಷ... ಹಿಂದಿನದನ್ನ ಹೇಳಿಬಿಡ್ತೀನಿ.

ನನ್ನ ಕೆಲಸ ಕೆಟ್ಟ ಕಂಪ್ಯೂಟರುಗಳ ಪತ್ತೇದಾರಿ. ಯಾವ ಕಂಪನಿಗೂ ಸೇರಿದವನಲ್ಲ. ಮೆಷಿನ್ನು ಯಾಕೆ ಕೈಕೊಟ್ಟಿತು ಅಂತ ಕಂಡುಹಿಡಿಯೋದು, ಬರೆದುಕೊಡೋದು, ಮನೆಗೆ ಹೋಗೋದು. ನನ್ನ ತಂಗಿ ಈ ಯಾರ್ಡಿನಲ್ಲಿ ಹನ್ನೆರಡು ವರ್ಷದಿಂದ ಕ್ರೇನ್ ಓಡಿಸುತ್ತಾಳೆ. ಯಾವ ಡಬ್ಬ ಎಷ್ಟು ಭಾರ ಅಂತ ಸರ್ವರ್ ಅವಳ ಕ್ಯಾಬಿನ್ನಿನ ಸ್ಕ್ರೀನಿಗೆ ಕಳಿಸುತ್ತೆ. ಅದನ್ನು ನೋಡಿಕೊಂಡು ಅವಳು ಎತ್ತುತ್ತಾಳೆ.

ನಾಲ್ಕು ದಿನದ ಹಿಂದೆ, ನಡುಮಧ್ಯಾಹ್ನ, ಸ್ಕ್ರೀನು ಹನ್ನೊಂದು ಟನ್ ಅಂದಿತು.

ಡಬ್ಬ ಇದ್ದದ್ದು ಹತ್ತೊಂಬತ್ತು.

ಹನ್ನೊಂದಕ್ಕೆ ಎಷ್ಟು ಚಾಚಬಹುದೋ ಅಷ್ಟು ತೋಳು ಚಾಚಿ ಎತ್ತಿದಳು. ಕ್ರೇನು ವಾಲಿತು. ಡಬ್ಬ ಜಾರಿತು. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದ ಸಿಗ್ನಲ್‌ನವನ ಬಲಗಾಲು ಮೊಣಕಾಲಿನ ತನಕ ಹೋಯಿತು.

ಆಮೇಲೆ ಎಲ್ಲರೂ ಓಡಿ ಬಂದು ಸರ್ವರ್ ರೀಸ್ಟಾರ್ಟ್ ಮಾಡಿ ನೋಡಿದರು. ಅಲ್ಲಿ ಹತ್ತೊಂಬತ್ತು ಅಂತಲೇ ಇತ್ತು. ಕ್ರೇನಿನದೇ ಒಂದು ತೂಕದ ಮೀಟರು ಇರಬೇಕು. ಅದನ್ನು ಬಿಚ್ಚಿ ರಿಪೇರಿಗೆ ಕಳಿಸಿ ಬಹಳ ಕಾಲವಾಯ್ತು ಅಂತ ತಂಗಿ ಹೇಳಿದಳು. ಅಪಘಾತ ಆದ ಮೇಲೆ ತಪಾಸಣೆಗೆ ಕಳಿಸಿದ್ದು ಅಂತ ಮ್ಯಾನೇಜರ್ ಹೇಳಿದ. ಹೆಂಗಸು ನೋಡದೆ ಎತ್ತಿದಳು, ಈಗ ಸುಳ್ಳು ಹೇಳುತ್ತಿದ್ದಾಳೆ... ಕ್ಯಾಂಟೀನಿನ ತುಂಬ ಅದೇ ಮಾತು. ಲೈಸೆನ್ಸ್ ರದ್ದಾಗುತ್ತೆ, ಆಮೇಲೆ ಪೊಲೀಸ್ ಕೇಸು. ಯಾರ್ಡಿಗೆ ಹೊರಗಿನವನ ರಿಪೋರ್ಟು ಒಂದು ಬೇಕಿತ್ತು. ಸಂಬಂಧ ಬಾಯಿಬಿಡದೆ ಆ ಕೆಲಸ ನಾನೇ ಹಿಡಿದೆ.

ಮೂರು ದಿನ. ಮೆಷಿನ್ನು ಮಧ್ಯಾಹ್ನ ಆಗಾಗ ನಿಂತುಹೋಗುತ್ತೆ, ರೀಸ್ಟಾರ್ಟ್ ಮಾಡಿದರೆ ಎದ್ದು ಕೂರುತ್ತೆ ಅಂತ ಆಪರೇಟರುಗಳು ಹೇಳಿದರು. ನಾನು ಇದ್ದಾಗ ಒಂದು ಸಲವಾದರೂ ನಿಲ್ಲಬೇಡವೇ? ಡಿಸ್ಕ್ ನೋಡಿದೆ. ಕೇಬಲ್ ನೋಡಿದೆ. ಪವರ್ ನೋಡಿದೆ. ಮೆಮೊರಿ ಟೆಸ್ಟ್ ಓಡಿಸಿದೆ. ಪಾಸ್. ಮತ್ತೆ ಓಡಿಸಿದೆ. ಪಾಸ್. ಹನ್ನೊಂದು ಸಲ ಓಡಿಸಿ ಹನ್ನೊಂದು ಸಲವೂ ಪಾಸ್ ಆದಾಗ ಆ ಹಸಿರು ಅಕ್ಷರಗಳನ್ನು ಉಗುರಿನಲ್ಲಿ ಕೆರೆದು ಹಾಕೋಣ ಅನಿಸಿತು.

ಎರಡನೇ ದಿನ ಮನೆಯಲ್ಲಿ ತಂಗಿಯನ್ನು ಕೇಳಿದ್ದೆ. “ಅಪಘಾತದ ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಆಗಿತ್ತಾ?”

ಅವಳು ನನ್ನ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಊಟ ಇನ್ನೂ ಅರ್ಧ ಇತ್ತು.

ಸರಿ, ರೂಮಿಗೆ ಬರೋಣ.

ಗೋಡೆಯ ಥರ್ಮಾಮೀಟರು ಹದಿನೆಂಟರಿಂದ ಇಪ್ಪತ್ತೆಂಟಕ್ಕೆ ಏರಿತ್ತು. ಗೂಳಿ ಹೊರಗೆ ಕುರ್ಚಿ ಹಾಕಿಕೊಂಡು ಬೆನ್ನು ತಿರುಗಿಸಿ ಕೂತಿದ್ದ. ನಾನು ಹನ್ನೆರಡನೇ ಸಲ ಟೆಸ್ಟ್ ಹಾಕಿದೆ. ಬೇರೆ ಏನು ಮಾಡಲಿ?

ಮೂವತ್ತೆರಡು. ಪಾಸ್.

ಮೂವತ್ತೈದು. ಪಾಸ್. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಮೂವತ್ತೆಂಟು.

ಸ್ಕ್ರೀನಿನ ಮೇಲೆ ಒಂದು ಕೆಂಪು ಗೆರೆ ಬಂತು.

ಇನ್ನೊಂದು ಬಂತು. ಆಮೇಲೆ ಸಾಲುಸಾಲಾಗಿ. ಅಡ್ರೆಸ್ ಟೆಸ್ಟ್ ಫೇಲ್. ಮೆಷಿನ್ನು ಒಂದು ಜಾಗದಲ್ಲಿ ಇಟ್ಟದ್ದನ್ನು ಓದೋಕೆ ಹೋಗಿ ಇನ್ನೊಂದು ಜಾಗದ್ದನ್ನು ತರುತ್ತಿತ್ತು. ಮನೆ ನಂಬರ್ ತಪ್ಪಿ ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ.

ಹನ್ನೊಂದು ಟನ್ನು ಎಲ್ಲಿಂದ ಬಂತು ಅಂತ ಈಗ ಅರ್ಥವಾಯಿತು. ಅದು ಬೇರೆ ಯಾವುದೋ ಡಬ್ಬದ ತೂಕ. ಡಿಸ್ಕಿನಲ್ಲಿ ಸರಿಯಾದದ್ದೇ ಇತ್ತು. ಮೆಮೊರಿ ಅದನ್ನು ತಪ್ಪು ಜಾಗದಿಂದ ಎತ್ತಿ ತಂಗಿಯ ಕಣ್ಣೆದುರು ಹಿಡಿದಿತ್ತು. ರೀಸ್ಟಾರ್ಟ್ ಮಾಡಿದಾಗ ಸುಳ್ಳು ಅಳಿಸಿಹೋಗಿತ್ತು. ಈ ರೂಮಿನ ಏಸಿ ಮಧ್ಯಾಹ್ನದ ಬಿಸಿಲಿಗೆ ಸೋಲುತ್ತಿತ್ತಂತೆ, ನಾಲ್ಕು ದಿನದ ಹಿಂದೆ ಸರ್ವೀಸಿಗೆ ಬಿಚ್ಚಿದ್ದರಂತೆ. ನಾನು ಬಂದ ಮೂರು ದಿನವೂ ಹದಿನೆಂಟು ಡಿಗ್ರಿಯಲ್ಲಿ ಸ್ವೆಟರ್ ಹಾಕಿಕೊಂಡು ಟೆಸ್ಟ್ ಮಾಡಿದ್ದೆ.

ನನ್ನನ್ನು ಬೇಯಿಸೋಕೆ ಹೋಗಿ ಮ್ಯಾನೇಜರ್ ತನ್ನ ಮೆಷಿನ್ನನ್ನೇ ಬಾಯಿಬಿಡಿಸಿದ್ದ.

ಆದರೂ ಲೆಕ್ಕ ಕೂಡಲಿಲ್ಲ. ಒಳಗೆ ಎಂಟು ಮೆಮೊರಿ ಪಟ್ಟಿಗಳಿದ್ದವು. ಅಂಗೈ ಉದ್ದದ ಹಸಿರು ಪಟ್ಟಿಗಳು, ಅವುಗಳ ಮೇಲೆ ಕಪ್ಪು ಚಿಪ್ಪುಗಳ ಸಾಲು. ಮೊದಲ ದಿನವೇ ಮುಚ್ಚಳ ತೆಗೆದು ನೋಡಿದ್ದೆ. ಪ್ರತಿಯೊಂದರ ಮಧ್ಯದಲ್ಲೂ ದುಂಡಗಿನ ಸ್ಟಿಕ್ಕರ್: ‘ರಿಜಿಸ್ಟರ್ಡ್’. ರಿಜಿಸ್ಟರ್ಡ್ ಮೆಮೊರಿ ಅಂದರೆ ಸರ್ವರಿಗೆ ಅಂತಲೇ ಮಾಡಿದ್ದು. ಎಂಟಲ್ಲ, ಹದಿನಾರು ಹಾಕಿದರೂ ಅಲುಗಾಡಬಾರದು. ಅದಕ್ಕೇ ಟೆಸ್ಟ್ ಓಡಿಸಿದ್ದು ಬಿಟ್ಟರೆ ಪಟ್ಟಿಗಳ ತಂಟೆಗೆ ಹೋಗದೆ ಬೇರೆ ಎಲ್ಲ ಕಡೆ ತಡಕಾಡಿದ್ದೆ.

ತಲೆ ಕೆಟ್ಟುಹೋಯಿತು. ಕೂತಿದ್ದ ಕುರ್ಚಿಗೆ ಒದ್ದೆ.

ಕುರ್ಚಿ ಮಗುಚಿ ಬಿತ್ತು. ಸೀಟಿನ ಅಡಿ ಕಾಣಿಸಿತು.

ಅಲ್ಲೂ ಒಂದು ದುಂಡಗಿನ ಸ್ಟಿಕ್ಕರ್. ‘ರಿಜಿಸ್ಟರ್ಡ್’.

ನೀವೇ ಹೇಳಿ, ಕುರ್ಚಿ ಹೇಗೆ ರಿಜಿಸ್ಟರ್ಡ್ ಆಗುತ್ತೆ?

ಸುತ್ತ ನೋಡಿದೆ. ಬೆಂಕಿ ಆರಿಸೋ ಸಿಲಿಂಡರಿನ ಮೇಲೆ ಒಂದು. ಕಸದ ಬುಟ್ಟಿಯ ಮೇಲೆ ಒಂದು. ಮೂಲೆಯಲ್ಲಿದ್ದ ಪೊರಕೆಯ ಹಿಡಿಗೂ ಒಂದು. ಮೂರು ದಿನ ನಾನು ಆ ರಿಜಿಸ್ಟರ್ಡ್ ಕುರ್ಚಿಯ ಮೇಲೆ ಕೂತು, ಟೆಸ್ಟ್ ಸ್ಕ್ರೀನಿನ ಮೂಲೆಯಲ್ಲಿ ಮೆಮೊರಿ ಯಾವ ಜಾತಿಯದು ಅಂತ ಬರೆದಿರುತ್ತಲ್ಲ, ಅದನ್ನು ಕೂಡ ಓದಿರಲಿಲ್ಲ. ಸ್ಟಿಕ್ಕರ್ ನೋಡಿದ್ದೆನಲ್ಲ, ಸಾಕು ಅಂದುಕೊಂಡಿದ್ದೆ. ಈಗ ಓದಿದೆ. ಸಣ್ಣ ಅಕ್ಷರದಲ್ಲಿತ್ತು. ಮಾಮೂಲಿ ಮೆಮೊರಿ.

ಟೆಸ್ಟಿನ ರಿಪೋರ್ಟನ್ನು ಪೆನ್ ಡ್ರೈವಿಗೆ ಇಳಿಸಿದೆ. ಪವರ್ ಕಿತ್ತೆ. ಒಂದು ಪಟ್ಟಿ ಹೊರಗೆಳೆದು ಸ್ಟಿಕ್ಕರ್ ಸುಲಿದೆ.

ಅಲ್ಲಿ ಒಂದು ಚಿಪ್ಪು ಇರಬೇಕಿತ್ತು. ಬರೀ ಹಸಿರು ಹಲಗೆ ಇತ್ತು.

ಆದರೆ ಇದನ್ನು ಹಿಡಿದುಕೊಂಡು ವಿಚಾರಣೆಗೆ ಹೋದರೆ ಮ್ಯಾನೇಜರ್ ಏನನ್ನುತ್ತಾನೆ? ಅಣ್ಣ ತಂಗಿಗಾಗಿ ಹೊರಗಿನಿಂದ ಯಾವುದೋ ಪಟ್ಟಿ ತಂದ, ಅಷ್ಟೆ. ಇದು ಇದೇ ಯಾರ್ಡಿನದು, ಅಪಘಾತಕ್ಕೆ ಮೊದಲೇ ಬಂದದ್ದು ಅಂತ ಹೇಳುವ ಕಾಗದ ಬೇಕಿತ್ತು. ಪೊರಕೆಗೂ ಸ್ಟಿಕ್ಕರ್ ಹಚ್ಚುವ ಪುಣ್ಯಾತ್ಮನ ಹತ್ತಿರ ಅದು ಇದ್ದೇ ಇರುತ್ತೆ.

ಬಾಗಿಲು ಬೇಡ. ಸರ್ವರ್ ರೂಮಿನ ನೆಲ ಪೊಳ್ಳು. ಚಪ್ಪಡಿಗಳ ಕೆಳಗೆ ಮೊಳದೆತ್ತರ ಜಾಗ ಬಿಟ್ಟು ಕೇಬಲ್ ಓಡಿಸಿರುತ್ತಾರೆ. ಒಂದು ಚಪ್ಪಡಿ ಎಬ್ಬಿಸಿದೆ. ಪಟ್ಟಿ ಜೇಬಿಗೆ ಹಾಕಿಕೊಂಡು ಹೊಟ್ಟೆಯ ಮೇಲೆ ತೆವಳಿದೆ. ಧೂಳು, ಇಲಿ ಹಿಕ್ಕೆ, ಮೊಣಕೈ ತರಚೋ ಕಬ್ಬಿಣದ ಕಾಲುಗಳು. ಗೋಡೆಯ ಕೆಳಗೆ ನುಸುಳಿ ಪಕ್ಕದ ಬ್ಯಾಟರಿ ರೂಮಿನಲ್ಲಿ ತಲೆ ಎತ್ತಿದೆ. ಅಲ್ಲಿಂದ ಹಿಂದಿನ ಬಾಗಿಲು. ಅಲ್ಲಿಂದ ಬಿಸಿಲು.

ಐವತ್ತು ಹೆಜ್ಜೆ ಹಾಕಿರಲಿಲ್ಲ. ಹಿಂದಿನಿಂದ ಕೂಗು ಕೇಳಿಸಿತು.

“ಏಯ್!”

ಗೂಳಿ.

ಓಡಿದೆ.

ಯಾರ್ಡು ಅಂದರೆ ಡಬ್ಬಗಳ ಊರು. ಮೂರು ಅಂತಸ್ತಿನ ಸಾಲುಗಳು, ನಡುವೆ ಓಣಿಗಳು. ಕೆಲಸ ನಿಂತು ನಾಲ್ಕು ದಿನವಾಗಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಎಡಕ್ಕೆ ತಿರುಗಿದೆ... ಮುಂದೆ ದಾರಿ ಇಲ್ಲ. ವಾಪಸ್. ಬಲಕ್ಕೆ. ಹಿಂದೆ ಪೈಪು ಡಬ್ಬಗಳಿಗೆ ತಾಗಿ ಟಣ್ ಟಣ್ ಅನ್ನುತ್ತಿತ್ತು. ಅವನು ಬೇಕಂತಲೇ ಬಡಿಯುತ್ತಿದ್ದ. ನನ್ನ ಉಸಿರು ಎದೆಗೂಡಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕಂಪ್ಯೂಟರ್ ಮುಂದೆ ಇಪ್ಪತ್ತು ವರ್ಷ ಕೂತವನು ಎಷ್ಟು ಓಡಬಲ್ಲ?

ಎರಡು ಡಬ್ಬಗಳ ನಡುವೆ ಒಂದು ಸಂದಿ ಕಾಣಿಸಿತು. ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಗ್ಗಿದೆ. ಅಂಗಿಯ ಗುಂಡಿಗಳೆಲ್ಲ ಅಲ್ಲೇ ಉಳಿದವು. ಪೈಪು ನನ್ನ ಕಿವಿಯ ಪಕ್ಕದ ಕಬ್ಬಿಣಕ್ಕೆ ಬಡಿಯಿತು. ಗೂಳಿಯ ಭುಜ ಸಂದಿಯೊಳಗೆ ಹಿಡಿಸಲಿಲ್ಲ.

“ಸುತ್ತು ಹಾಕಿ ಬರ್ತೀನಿ. ಎಲ್ಲಿಗೆ ಹೋಗ್ತೀಯ?” ಅಂದ.

ಉಗ್ರಾಣಕ್ಕೆ ಹೋದೆ.

ಉಗ್ರಾಣದ ಯಜಮಾನರು ಕೌಂಟರಿನ ಹಿಂದೆ ಕೂತು ಮೊಳೆ ಎಣಿಸುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೆ ಪೆನ್ಸಿಲ್ಲು. ಮುಂದೆ ಹಾಸಿಗೆಯಷ್ಟು ಅಗಲದ ಸ್ಟಾಕ್ ರಿಜಿಸ್ಟರು. ನೆಲದ ಮೇಲೆ ಒಂದು ಹಳದಿ ಗೆರೆ.

“ಗೆರೆ ಆಚೆ ನಿಂತ್ಕೊಳ್ಳಿ.”

ನಿಂತೆ. ಪಟ್ಟಿ ತೋರಿಸಿದೆ. “ಇದಕ್ಕೆ ಸ್ಟಿಕ್ಕರ್ ಹಚ್ಚಿದ್ದು ನೀವಾ?”

“ಎಲ್ಲಿದೆ ಸ್ಟಿಕ್ಕರ್? ಕಿತ್ತವರು ಯಾರು?” ಅವರ ಮುಖ ಕೆಂಪಾಯಿತು.

“ನಾನೇ. ಯಾಕೆ ರಿಜಿಸ್ಟರ್ಡ್ ಅಂತ ಹಚ್ಚಿದ್ರಿ?”

“ರಿಜಿಸ್ಟರಿಗೆ ಹತ್ತಿಸಿದ್ಮೇಲೆ ಹಚ್ಚೋದು ತಾನೇ? ನಮ್ಮಲ್ಲಿ ರಿಜಿಸ್ಟರ್ ಆಗದೆ ಒಂದು ಗುಂಡುಪಿನ್ನೂ ಒಳಗೆ ಬರೋಲ್ಲ.” ಅವರು ಹಾಳೆ ತಿರುವಿದರು. “ನೋಡಿ, ಆಫೀಸಿನವರು ಕೇಳಿದ್ದು ರಿಜಿಸ್ಟರ್ಡ್ ಮೆಮೊರಿ, ಎಂಟು. ಅಂಗಡಿಯವನು ಕಳಿಸಿದ ಚೀಟಿಯಲ್ಲಿ ಬರೀ ಮೆಮೊರಿ, ಎಂಟು ಅಂತಿತ್ತು. ರಿಜಿಸ್ಟರ್ ಮಾಡದೆ ಕಳಿಸಿದಾನೆ ಸೋಮಾರಿ, ಅಂದ್ಕೊಂಡೆ. ನಾನೇ ಮಾಡಿದೆ. ಎಂಟಕ್ಕೂ.”

ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಆ ಮನುಷ್ಯನ ಮುಖದಲ್ಲಿ ಒಂದು ಚೂರು ಕಪಟ ಇರಲಿಲ್ಲ.

“ಪಟ್ಟಿಗಳ ನಂಬರ್ ಬರ್ಕೊಂಡಿದ್ದೀರಾ?”

“ಬರ್ಕೊಳ್ದೆ? ಎಂಟೂ ಇದೆ. ತಾರೀಖೂ ಇದೆ.”

ನನ್ನ ಕೈಯಲ್ಲಿದ್ದ ಪಟ್ಟಿಯ ನಂಬರು ಐದನೇ ಸಾಲಿನಲ್ಲಿತ್ತು. ಬಂದು ನಲವತ್ತು ದಿನ.

“ಯಜಮಾನ್ರೇ, ಈ ರಿಜಿಸ್ಟರ್ ಬೇಕು. ವಿಚಾರಣೆಗೆ. ಈಗಲೇ.”

“ರಿಜಿಸ್ಟರ್ ಉಗ್ರಾಣ ಬಿಟ್ಟು ಹೋಗೋಲ್ಲ.”

“ಒಂದು ಹೆಣ್ಣಿನ ಬದುಕಿನ ಪ್ರಶ್ನೆ.”

“ಇರಬಹುದು. ಆದ್ರೂ ಹೊರಗೆ ಹೋಗೋ ಸಾಮಾನಿಗೆ ಎಂಟ್ರಿ ಆಗಬೇಕು.”

“ಮಾಡಿ, ಎಂಟ್ರಿ ಮಾಡಿ.”

“ಯಾವುದರಲ್ಲಿ?”

“ರಿಜಿಸ್ಟರಿನಲ್ಲಿ.”

“ರಿಜಿಸ್ಟರನ್ನ ರಿಜಿಸ್ಟರಿನಲ್ಲಿ...” ಅವರು ಪೆನ್ಸಿಲ್ ತೆಗೆದು ಯೋಚನೆಗೆ ಬಿದ್ದರು. ನನಗೆ ಅಲ್ಲೇ ಕೂತು ಅಳಬೇಕು ಅನಿಸಿತು. ಹೊರಗೆ ಜಲ್ಲಿಯ ಮೇಲೆ ಬೂಟಿನ ಸದ್ದು. ಅವರು ನಿಧಾನವಾಗಿ ಗೆರೆ ಎಳೆದರು. ಕ್ರಮಸಂಖ್ಯೆ ಹಾಕಿದರು. ‘ಸ್ಟಾಕ್ ರಿಜಿಸ್ಟರ್, ಒಂದು’ ಅಂತ ಅಕ್ಷರ ಅಕ್ಷರ ಪೋಣಿಸಿ ಬರೆದರು. “ಕಾರಣ?”

“ವಿಚಾರಣೆ.”

“ವಾಪಸ್ ಯಾವಾಗ?”

ಬಾಗಿಲು ಧಡ್ ಅಂತ ತೆರೆಯಿತು. ಗೂಳಿ. ಬೆವರು ಸುರಿಯುತ್ತಿತ್ತು.

“ಆ ಪುಸ್ತಕ ಇಲ್ಲಿ ಕೊಡಿ. ಸಾಹೇಬ್ರ ಆರ್ಡರ್.”

ಯಜಮಾನರು ತಲೆ ಎತ್ತಲಿಲ್ಲ. “ಗೆರೆ ಆಚೆ.”

“ಏನು?”

“ಗೆರೆ ಆಚೆ ನಿಂತ್ಕೊಂಡು ಮಾತಾಡು. ಆ ಪೈಪು ಯಾರದು? ನಮ್ಮ ಮೂರನೇ ಕಪಾಟಿನದು. ಎಂಟ್ರಿ ಎಲ್ಲಿ ಅದಕ್ಕೆ?”

ಗೂಳಿ ಪೈಪಿನ ಕಡೆ ನೋಡಿದ. ಅದರ ತುದಿಯಲ್ಲಿ ದುಂಡಗಿನ ಸ್ಟಿಕ್ಕರ್ ಇತ್ತು.

“ಇಟ್ಟು ಹೋಗು. ಇಲ್ಲಾ ಅಂದ್ರೆ ಕಳವು ಅಂತ ಬರೀತೀನಿ.”

ಏನು ಹೇಳಲಿ ನಿಮಗೆ... ಅಷ್ಟು ದೊಡ್ಡ ದೇಹ, ಪೈಪನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟಿತು. ಹನ್ನೆರಡು ವರ್ಷದಿಂದ ಬೂಟು, ಟಾರ್ಚು, ಯೂನಿಫಾರಂ ಎಲ್ಲ ಈ ಮುದುಕರ ಕೈಯಿಂದಲೇ ಪಡೆದವನು ಅವನು. ಯಜಮಾನರು ರಿಜಿಸ್ಟರನ್ನು ಎದೆಗವಚಿಕೊಂಡು ಎದ್ದರು. “ನಿಮ್ಮ ಕೈಗೆ ಕೊಡೋಲ್ಲ. ನಾನೇ ತರ್ತೀನಿ,” ಅಂದರು.

ನಾಲ್ಕಕ್ಕೆ ಐದು ನಿಮಿಷ. ನಾವು ಮೂವರೂ ಸಾಲಾಗಿ ಯಾರ್ಡು ದಾಟಿದೆವು.

ವಿಚಾರಣೆ ನಡೆಸೋಕೆ ಬಂದಿದ್ದ ಸುರಕ್ಷತಾ ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ಸಣ್ಣ ದನಿ. ಮೇಜಿನ ಒಂದು ಬದಿ ಮ್ಯಾನೇಜರ್, ಇನ್ನೊಂದು ತುದಿಯಲ್ಲಿ ನನ್ನ ತಂಗಿ. ಅವಳು ನನ್ನ ಕಡೆ ನೋಡಲಿಲ್ಲ. ಗುಂಡಿ ಇಲ್ಲದ ಅಂಗಿ, ಮೈತುಂಬ ಇಲಿ ಹಿಕ್ಕೆಯ ಧೂಳು... ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು.

“ಮೇಡಂ, ಇವನು ಇವಳ ಅಣ್ಣ,” ಅಂದ ಮ್ಯಾನೇಜರ್. “ಇವನ ಮಾತಿಗೆ ಬೆಲೆ ಇಲ್ಲ.”

“ಹೌದಾ?” ಅಂದರು ಮೇಡಂ ನನಗೆ.

“ಅಣ್ಣ ಹೌದು. ನನ್ನ ಮಾತು ನಂಬಬೇಡಿ. ಇದನ್ನ ನೋಡಿ.”

ಪಟ್ಟಿ ಇಟ್ಟೆ. ಪೆನ್ ಡ್ರೈವ್ ಇಟ್ಟೆ.

“ನನಗೆ ಕಂಪ್ಯೂಟರ್ ಅಷ್ಟು ಅರ್ಥವಾಗೋಲ್ಲ,” ಅಂದರು ಮೇಡಂ. “ಕ್ರೇನ್ ಅರ್ಥವಾಗುತ್ತೆ.”

“ಹಾಗಾದ್ರೆ ಸುಲಭ. ಕ್ರೇನ್ ಮೇಲಿರೋರು ಕೆಳಗಿನ ನೂರು ಜನಕ್ಕೆ ಒಬ್ಬರೇ ಕೂಗಿ ಹೇಳ್ತಾರಾ?”

“ಇಲ್ಲ. ಸಿಗ್ನಲ್‌ನವನು ಇರ್ತಾನೆ.”

“ಯಾಕೆ?”

“ದೂರ ಇರುತ್ತೆ, ಗದ್ದಲ ಇರುತ್ತೆ. ಅವನು ಮಾತು ತಗೊಂಡು, ಸರಿಯಾಗಿ ಕೇಳಿಸ್ತಾ ನೋಡ್ಕೊಂಡು, ಸ್ಪಷ್ಟವಾಗಿ ಮುಂದೆ ದಾಟಿಸ್ತಾನೆ. ಒಂದು ಕ್ಷಣ ತಡ ಆಗುತ್ತೆ. ಆದ್ರೆ ತಪ್ಪಾಗೋಲ್ಲ.”

“ರಿಜಿಸ್ಟರ್ ಅನ್ನೋ ಚಿಪ್ಪು ಅದೇ, ಮೇಡಂ. ಪಟ್ಟಿಯ ನಡುವೆ ನಿಂತಿರುತ್ತೆ. ಪ್ರೊಸೆಸರ್ ‘ಇಂಥ ಜಾಗದಿಂದ ತಾ’ ಅಂತ ಹೇಳಿದ್ದನ್ನ ಒಂದು ತಾಳ ಹಿಡಿದಿಟ್ಕೊಂಡು, ಲೆಕ್ಕ ನೋಡಿ, ಉಳಿದ ಚಿಪ್ಪುಗಳಿಗೆ ಹೊಸದಾಗಿ ಹೇಳುತ್ತೆ. ತಪ್ಪು ಕೇಳಿಸಿದ್ರೆ ಗಂಟೆ ಬಾರಿಸುತ್ತೆ. ಈ ಪಟ್ಟಿಗಳಲ್ಲಿ ಅದು ಇಲ್ಲ. ಒಂದೆರಡು ಪಟ್ಟಿ ಆಗಿದ್ರೆ ಪ್ರೊಸೆಸರ್ ತಾನೇ ಹೇಗೋ ಸಂಭಾಳಿಸ್ತಿತ್ತು. ಎಂಟು ಪಟ್ಟಿ, ನೂರ ಇಪ್ಪತ್ತೆಂಟು ಚಿಪ್ಪು. ರೂಮು ಬಿಸಿಯಾದಾಗ ಅದರ ದನಿ ಕುಗ್ಗುತ್ತೆ. ಒಮ್ಮೊಮ್ಮೆ ಮೆಷಿನ್ ನಿಂತುಹೋಗುತ್ತೆ. ಒಮ್ಮೊಮ್ಮೆ ನಿಲ್ಲದೆ ಬೇರೆ ಡಬ್ಬದ ತೂಕ ತಂದು ತೋರಿಸುತ್ತೆ.”

“ಮೆಷಿನ್ ಇದನ್ನ ಒಪ್ಕೊಂಡಿದ್ದು ಹೇಗೆ?”

“ಆ ಬೋರ್ಡು ಎರಡೂ ಜಾತಿ ತಗೊಳ್ಳುತ್ತೆ. ಬೆರಕೆ ಮಾಡಿದ್ರೆ ಮಾತ್ರ ಏಳೋಲ್ಲ. ಎಂಟೂ ಒಂದೇ ಜಾತಿ ಇತ್ತು, ಎದ್ದು ಕೂತಿತು.”

“ಈ ಪಟ್ಟಿ ಇವನೇ ಹೊರಗಿಂದ ತಂದಿರೋದು,” ಅಂದ ಮ್ಯಾನೇಜರ್.

ಯಜಮಾನರು ಗಂಟಲು ಸರಿಮಾಡಿಕೊಂಡರು. ಯಾರೂ ಕೇಳದೆಯೇ ಓದಿದರು. ತಾರೀಖು. ಎಂಟು ನಂಬರ್. ಐದನೆಯದನ್ನು ಮೇಡಂ ಪಟ್ಟಿಯ ಪಕ್ಕ ಹಿಡಿದು ಅಂಕಿ ಅಂಕಿ ತಾಳೆ ನೋಡಿದರು. ಮಿಕ್ಕ ಏಳನ್ನೂ ತರಿಸಿ ತಾವೇ ಸ್ಟಿಕ್ಕರ್ ಸುಲಿದರು. ಏಳರಲ್ಲೂ ನಡುವೆ ಖಾಲಿ.

ಓದೋಕೆ ಶುರು ಮಾಡಿದ ಮೇಲೆ ಯಜಮಾನರಿಗೆ ನಿಲ್ಲಿಸೋದು ಗೊತ್ತಿರಲಿಲ್ಲ. ಹಿಂದಿನ ಹಾಳೆಗೆ ಹೋದರು. “ಕ್ರೇನ್ ತೂಕದ ಮೀಟರ್, ಒಂದು. ರಿಪೇರಿಗೆ ಹೊರಗೆ. ಮೂರು ತಿಂಗಳ ಹಿಂದೆ. ವಾಪಸ್ ಬಂದಿಲ್ಲ. ಸಹಿ, ಮ್ಯಾನೇಜರ್.”

ಮೀಟರ್ ಇಲ್ಲದ ಕ್ರೇನನ್ನು ಮೂರು ತಿಂಗಳು ಓಡಿಸಿದವನು ಯಾರು ಅಂತ ಎಲ್ಲರಿಗೂ ತಿಳಿಯಿತು. ಮ್ಯಾನೇಜರ್ ನೀರಿನ ಲೋಟಕ್ಕೆ ಕೈಹಾಕಿದ. ಲೋಟ ಖಾಲಿ ಇತ್ತು.

“ಅಂದ್ರೆ...” ಯಜಮಾನರು ನನ್ನ ಕಡೆ ತಿರುಗಿದರು. “ಆ ಕಾಲು ಹೋಗಿದ್ದು ನನ್ನ ಸ್ಟಿಕ್ಕರ್‌ನಿಂದಲಾ?”

ಅವರು ಜೇಬಿನಿಂದ ಸ್ಟಿಕ್ಕರಿನ ಸುರುಳಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ. ನನಗೆ ಸಂಕಟವಾಯಿತು. ಅವರು ಹಚ್ಚಿದ ತಪ್ಪು ಅವರದ್ದಾದರೆ, ಅದನ್ನು ಓದಿ ನಂಬಿದ ತಪ್ಪು ನನ್ನದು. ಓದೋದೇ ನನ್ನ ಕಸುಬು.

ಐದೂವರೆಗೆ ಮೇಡಂ ಆದೇಶ ಬರೆದರು. ಚಾಲಕಿಯ ತಪ್ಪಿಲ್ಲ. ಲೈಸೆನ್ಸ್ ವಾಪಸ್. ಮ್ಯಾನೇಜರ್ ನಾಳೆ ಹತ್ತಕ್ಕೆ ಅವರ ಕಚೇರಿಯಲ್ಲಿ ಹಾಜರಿರಬೇಕು. ಗೂಳಿ ನನ್ನ ಫೋನನ್ನು ಅಂಗಿಗೆ ಒರೆಸಿ ವಾಪಸ್ ಕೊಟ್ಟ.

ಗೇಟಿನ ಹತ್ತಿರ ತಂಗಿ ನಿಂತಿದ್ದಳು.

“ಮನೆಗೆ ಹೋಗೋಣ,” ಅಂದೆ.

“ಆಸ್ಪತ್ರೆಗೆ ಹೋಗ್ತೀನಿ. ಹನ್ನೆರಡು ವರ್ಷ ನನ್ನ ಕೊಕ್ಕೆ ಕೆಳಗೆ ನಿಂತವನು ಅವನು. ನಾನು ಸುಳ್ಳು ಹೇಳಿಲ್ಲ ಅಂತ ಅವನಿಗೆ ಗೊತ್ತಾಗಬೇಕು.”

“ನಾನೂ ಬರ್ತೀನಿ.”

ಅವಳು ನನ್ನ ಅಂಗಿಯ ಎರಡು ಅಂಚನ್ನೂ ಸೇರಿಸಿ, ತನ್ನ ಬ್ಯಾಗಿನ ಪಿನ್ನು ತೆಗೆದು ಚುಚ್ಚಿದಳು. ಚಿಕ್ಕವಳಿದ್ದಾಗಲೂ ಹೀಗೇ, ಜಗಳದ ಮಧ್ಯೆಯೇ ಉಪಚಾರ.

“ಅಣ್ಣ, ನಿಜ ಹೇಳು. ಆ ಟೆಸ್ಟ್ ಪಾಸ್ ಆಗ್ತಾ ಇದ್ದಾಗ ನನ್ನ ನಂಬಿದ್ಯಾ?”

ಮೆಷಿನ್ನಾಗಿದ್ದರೆ ಏನಾದರೂ ಒಂದು ಸುಳ್ಳು ಅಂಕಿ ತೋರಿಸುತ್ತಿತ್ತು. ನನಗೆ ಅದೂ ಬರಲಿಲ್ಲ.

“ಎರಡು ದಿನ ನಂಬಿರಲಿಲ್ಲ,” ಅಂದೆ.

ಅವಳು ತಲೆಯಾಡಿಸಿದಳು. ಪಿನ್ನು ಸರಿಯಾಗಿ ಕೂತಿದೆಯಾ ಅಂತ ಒಂದು ಸಲ ಎಳೆದು ನೋಡಿದಳು.

“ಅಮ್ಮ ಮೊದಲನೇ ದಿನವೇ ನಂಬಿದ್ಲು. ಪಾಪ, ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ ನೋಡು.”